ನನ್ನ ಮೋಟಾರು ಸೈಕಲ್ಲು

ಪರರು ಬಳಸಿ ಬಿಟ್ಟ ವಸ್ತುವನ್ನು ಕೊಳ್ಳುವಾಗ ಹತ್ತು ಸಲ ವಿಚಾರಿಸಬೇಕೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಪಾತ್ರೆಯಾದರೆ ಕಲಾಯಿ ಹಾಕಿಸಬಹುದು, ಮನೆಯಾದರೆ ಸುಣ್ಣ ಬಳಿಸಬಹುದು. ಆದರೆ ಎತ್ತಾಗಲಿ ಗಾಡಿಯಾಗಲಿ ಮೊದಲಿನ ಒಡೆಯನ ಅಭ್ಯಾಸವನ್ನು ಅವನ ಮನೆಯಲ್ಲಿಯೇ ಬಿಟ್ಟು ಬರುವುದಿಲ್ಲವೆಂಬುದು ಅವರ ಮತವಾಗಿತ್ತು. ಈ ಮಾತಿನ ಅರ್ಥವು ನನಗೆ ಐವತ್ತಾರನೆಯ ವಯಸ್ಸಿನಲ್ಲಿ, ಒಂದು ಹಳೆಯ ಮೋಟಾರು ಸೈಕಲ್ಲನ್ನು ಕೊಂಡ ಮೇಲೆ ಆಯಿತು.

ನಾವಿರುವುದು ಆದಿತ್ಯನಗರದಲ್ಲಿ. ಸೇಡಂ ತಾಲೂಕಿನ ಮಳಖೇಡದ ಮಗ್ಗುಲಲ್ಲಿ ಸಿಮೆಂಟು ಕಾರ್ಖಾನೆಯ ಜನರಿಗಾಗಿ ಎದ್ದ ವಸತಿ ಇದು. ನಾನು ಅಲ್ಲಿಯ ಲೆಕ್ಕದ ಕೋಣೆಯಲ್ಲಿ ಮೂವತ್ತು ವರ್ಷಗಳಿಂದ ಅಂಕಿಗಳನ್ನು ಕೂಡಿಸುತ್ತಿರುವವನು. ನನ್ನ ಹೆಂಡತಿಯ ತವರು ಚಿಂಚೋಳಿ. ಅಲ್ಲಿ ನನ್ನ ಅತ್ತೆಯವರು ಮಗನ ಮನೆಯಲ್ಲಿರುತ್ತಾರೆ. ಅವರಿಗೆ ಎಂಬತ್ತು ದಾಟಿದೆ. ಕಣ್ಣು ಪೂರ್ತಿಯಾಗಿ ಹೋಗಿದೆ. ಬಂದವರನ್ನು ದನಿಯಿಂದಲೂ ಹೆಜ್ಜೆಯ ಸಪ್ಪಳದಿಂದಲೂ ಗುರುತಿಸುತ್ತಾರೆ. ಬಸ್ಸಿನಲ್ಲಿ ಹೋದರೆ ಸೇಡಂನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕು. ಭಾನುವಾರದ ಅರ್ಧವೆಲ್ಲ ನಿಲ್ದಾಣಕ್ಕೇ ಸಲ್ಲುತ್ತಿತ್ತು. ಆದುದರಿಂದ 2023ರ ದಸರೆಯಲ್ಲಿ, ರಾಜಸ್ಥಾನಕ್ಕೆ ವರ್ಗವಾಗಿ ಹೊರಟಿದ್ದ ಒಬ್ಬ ತರುಣ ಇಂಜಿನಿಯರರಿಂದ ಅವರ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ ಗಾಡಿಯನ್ನು ಕೊಂಡೆನು.

ದೂರ ಪ್ರಯಾಣಕ್ಕೆಂದೇ ಮಾಡಿದ ಗಾಡಿ ಅದು. 2002ರಲ್ಲಿ ಆ ಹೆಸರು ಮೊದಲು ಬಂತು. 2012ರಲ್ಲಿ ಹೊಸ ರೂಪ ತಾಳಿತು. 2020ರಲ್ಲಿ ಅದರ ತಯಾರಿಕೆ ನಿಂತು ಮೀಟಿಯರ್ ಎಂಬ ಬೇರೊಂದು ಗಾಡಿ ಅದರ ಸ್ಥಾನಕ್ಕೆ ಬಂತು. ಇಪ್ಪತ್ತು ಲೀಟರು ಹಿಡಿಯುವ ತೊಟ್ಟಿ, ಹಿಂದೆ ಕುಳಿತವರಿಗೆ ಒರಗು, ಅಗಲವಾದ ಹಿಡಿಕೆ. ಇವುಗಳ ಜೊತೆಗೆ ಹಿಂದಿನ ಒಡೆಯರು ಹಿಡಿಕೆಯ ಎರಡು ಮಗ್ಗುಲಿಗೂ ಒಂದೊಂದು ಧ್ವನಿಪೆಟ್ಟಿಗೆಯನ್ನು ಕೂಡಿಸಿದ್ದರು. ಲೇಹ, ಲಡಾಖಗಳನ್ನು ಕಂಡುಬಂದ ಗಾಡಿಗೆ ಸೇಡಂ, ಚಿಂಚೋಳಿಗಳು ಯಾವ ಲೆಕ್ಕ ಎಂದು ನಾನು ಹಿಗ್ಗಿದೆನು.

ಮೊದಲನೆಯ ಭಾನುವಾರವೇ ಹೆಂಡತಿಯು ಇಳಿದವಳು ಸೊಂಟ ಹಿಡಿದು ನಿಂತು, “ಗಾಡಿ ಭಾಳ ಬಿರುಸ ಅದರಿ. ಹಾದ್ಯಾಗಿನ ಕುಣಿ ಎಲ್ಲಾ ನನ್ನ ಬೆನ್ನಾಗೇ ಬಿದ್ದಂಗ ಆಯ್ತು” ಎಂದಳು.

ನಾನು ರಸ್ತೆಯ ಮೇಲೆ ತಪ್ಪು ಹೊರಿಸಿದೆನು. ಹೊರಿಸಲು ಆಧಾರವೂ ಇತ್ತು. ನಮ್ಮದು ಎರೆಯ ನೆಲ. ಮಳೆಗಾಲದಲ್ಲಿ ಅದು ನೀರು ಕುಡಿದು ಉಬ್ಬುವುದು, ಬೇಸಗೆಯಲ್ಲಿ ಒಣಗಿ ಕುಗ್ಗಿ ಕೈ ಹಿಡಿಸುವಷ್ಟು ಬಿರಿಯುವುದು; ಮೇಲಿನ ಡಾಂಬರು ಅದರೊಡನೆ ಏರಿ ಇಳಿಯಲೇಬೇಕು. ಅದರ ಮೇಲೆ ಸಿಮೆಂಟು ಹೊತ್ತ ಲಾರಿಗಳೂ ಶಹಾಬಾದ ಕಲ್ಲು ಹೇರಿದ ಲಾರಿಗಳೂ ಹಗಲಿರುಳು ಓಡುವುವು. ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿಯೇ ‘ಕವಿರಾಜಮಾರ್ಗ’ವನ್ನು ಹಾಕಿಕೊಟ್ಟ ಮಾನ್ಯಖೇಟದವರು ಉಳಿದ ಮಾರ್ಗಗಳನ್ನು ಅಷ್ಟು ಗಟ್ಟಿಯಾಗಿ ಹಾಕಲಿಲ್ಲವೆಂದು ನಾನು ವಿನೋದ ಮಾಡಿದೆನು. ಅವಳು ನಗಲಿಲ್ಲ.

ಎರಡನೆಯ ತಿಂಗಳಲ್ಲಿ ಆಸನಕ್ಕೆ ದಪ್ಪನಾದ ಮೆತ್ತೆಯನ್ನು ಹೊಲಿಸಿದೆನು. ಪ್ರಯೋಜನವಾಗಲಿಲ್ಲ. ಹಾಡು ಕೇಳುತ್ತ ಹೋದರೆ ನೋವು ಮರೆಯುವಳೆಂದು ಧ್ವನಿಪೆಟ್ಟಿಗೆಗಳ ಕಡೆಗೆ ತಿರುಗಿದೆನು. ಅವುಗಳಲ್ಲಿ ಒಂದು ಒಡೆದಿತ್ತು. ಕಲಬುರಗಿಯಿಂದ ಅದೇ ಅಳತೆಯ ಹೊಸದನ್ನು ತಂದು ನಾನೇ ಕುಳಿತು ತಂತಿಗಳನ್ನು ಜೋಡಿಸಿದೆನು. ಅವಳಿಗೆ ಪ್ರಿಯವಾದ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನವನ್ನೇ ಮೊದಲು ಹಾಕಿದೆನು. ಅವಳು ಅಂಗಳದಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ, “ಡಗ್ಗಾ ಎಲ್ಲಿ ಹೋಯ್ತರಿ? ತಂಬೂರಿಯ ಖರಜನೂ ಕೇಳವಲ್ದು. ಡಬ್ಬ್ಯಾಗ ಕೂತು ಹಾಡಿದಂಗ ಆಗ್ಯಾದ” ಎಂದಳು. ಗಾಳಿಯಲ್ಲಿ ಹಾಗೆಯೇ ಕೇಳಿಸುವುದೆಂದು ನಾನು ಹೇಳಿದೆನು. ಆಗ ಗಾಡಿಯು ನಿಂತೇ ಇತ್ತು, ಗಿಡದ ಎಲೆಯೂ ಅಲುಗುತ್ತಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

2024ರ ಜನವರಿಯಲ್ಲಿ ಎಳ್ಳ ಅಮವಾಸ್ಯೆಗೆ ಚಿಂಚೋಳಿಗೆ ಹೋದೆವು. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ ಉಂಡು ಸಂಜೆಗೆ ಮರಳಿದೆವು. ಆ ರಾತ್ರಿ ಅವಳು ಮಗ್ಗುಲು ಬದಲಿಸಲಾರದೆ ಎದ್ದು ಕುಳಿತಳು. ಮತ್ತೆ ಗಾಡಿಯ ಮಾತು ಬಂತು. ನನಗೂ ಬೇಸರವಾಗಿದ್ದಿತು, “ಗಾಡಿಗೆ ಏನೂ ಆಗಿಲ್ಲ, ನಿನಗೆ ವಯಸ್ಸಾಗಿದೆ” ಎಂದುಬಿಟ್ಟೆನು. ಅವಳು ತಿರುಗಿ ಮಾತಾಡಲಿಲ್ಲ. ಮುಂದಿನ ಭಾನುವಾರ ಹೊರಡಲೂ ಇಲ್ಲ. ಅದರ ಮುಂದಿನದಕ್ಕೂ ಇಲ್ಲ. ಹಪ್ಪಳದ ಕೆಲಸ, ನೆಂಟರ ಮದುವೆ, ಬಿಸಿಲು ಎಂದು ಒಂದೊಂದು ವಾರಕ್ಕೆ ಒಂದೊಂದು ಕಾರಣ ಬರುತ್ತಿತ್ತು. ಬಸ್ಸಿನಲ್ಲಿ ಹೋಗೆಂದು ನಾನು ಹೇಳಲಿಲ್ಲ. ಹೇಳಿದ್ದರೆ ಗಾಡಿಯು ಸೋತಿತೆಂದು ಒಪ್ಪಿದಂತಾಗುತ್ತಿತ್ತು.

ಮಾರ್ಚಿ ತಿಂಗಳ ಕೊನೆಯಲ್ಲಿ ನನ್ನ ಮೈದುನನು ಬೇರೆ ಏನೋ ಕೆಲಸಕ್ಕೆ ಫೋನು ಮಾಡಿದವನು ಮಾತಿನ ನಡುವೆ, ಅವ್ವ ಪ್ರತಿ ಭಾನುವಾರ ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಕುಳಿತು ಹಾದಿಯಲ್ಲಿ ಬರುವ ಗಾಡಿಗಳ ಸದ್ದಿಗೆಲ್ಲ ಕಿವಿಗೊಡುತ್ತಿರುವಳೆಂದೂ, ನಮ್ಮದಲ್ಲವೆಂದು ತಿಳಿದಾಗ ಒಳಕ್ಕೆ ಬರುವಳೆಂದೂ ಹೇಳಿದನು. ಆ ಸಂಜೆಯೇ ನಾನು ಸೇಡಂಗೆ ಹೋಗಿ ಒಬ್ಬ ಮಿಸ್ತ್ರಿಯನ್ನು ಕಂಡೆನು.

ಹಿಂದಿನ ಶಾಕಪ್ಪುಗಳನ್ನು ಕಿತ್ತೆಸೆದು ಹೆಚ್ಚು ಬೆಲೆಯ ಹೊಸವನ್ನು ಹಾಕಿಸಬೇಕೆಂದು ನಾನು ನಿಶ್ಚಯಿಸಿಕೊಂಡೇ ಹೋಗಿದ್ದೆನು. ಅವನು ಇಪ್ಪತ್ತೈದರ ಹುಡುಗ. ನನ್ನ ಮಾತಿಗೆ ಹೂಂಗುಟ್ಟಿ, ಮರುದಿನ ಮನೆಯವರನ್ನೂ ಕರೆತರಬೇಕೆಂದು ಹೇಳಿದನು. ಅವಳು ಏನು ನೆನೆದಳೋ, ಮರುಮಾತಿಲ್ಲದೆ ಬಸ್ಸಿನಲ್ಲಿ ಬಂದಳು. ಅವನು ಗಾಡಿಯನ್ನು ನೆಟ್ಟಗೆ ಹಿಡಿದು, ಹಿಂದಿನ ಗಾಲಿಯ ಅಚ್ಚಿನಿಂದ ಮೇಲಿನ ಒಂದು ಗುರುತಿನವರೆಗೆ ಅಳೆದನು. ನಮ್ಮಿಬ್ಬರನ್ನೂ ಕೂಡಿಸಿ ಮತ್ತೆ ಅಳೆದನು. ಒಂದು ಬೆರಳಿನಷ್ಟು ವ್ಯತ್ಯಾಸವೂ ಇರಲಿಲ್ಲ.

“ಮನುಷ್ಯಾ ಕೂತ ಮ್ಯಾಲ ಗಾಡಿ ಒಂದಿಷ್ಟು ತಗ್ಗಬೇಕ್ರಿ ಸರ್. ಇದು ತಗ್ಗವಲ್ದು” ಎಂದನು.

ಅವನು ತೋರಿಸಿದ ಮೇಲೆ ನನಗೆ ತಿಳಿದುದು ಇಷ್ಟು. ಹಿಂದಿನ ಎರಡು ಶಾಕಪ್ಪುಗಳ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಬಳೆಯಿರುತ್ತದೆ. ಅದಕ್ಕೆ ಐದು ಮೆಟ್ಟಿಲು. ಕೊಕ್ಕೆಯ ಪಾನಾದಿಂದ ಅದನ್ನು ತಿರುವಿದ ಹಾಗೆಲ್ಲ ಸುರುಳಿಯು ಮೊದಲೇ ಅಷ್ಟಷ್ಟು ಅಮುಕಿಕೊಂಡು ನಿಲ್ಲುವುದು. ಇದರಿಂದ ಸುರುಳಿಯ ಸ್ವಭಾವವು ಬದಲಾಗುವುದಿಲ್ಲ; ಆದರೆ ಅದು ಅಲುಗಲು ಆರಂಭಿಸಬೇಕಾದರೆ ಹೆಚ್ಚಿನ ಭಾರ ಬೇಕಾಗುವುದು. ಸಾಮಾನು ಹೇರಿ ದೂರ ಹೋಗುವವನಿಗೆ ಇದು ಅನುಕೂಲ. ಭಾರವಿಲ್ಲದವನು ಕುಳಿತರೆ ಸಣ್ಣ ಕುಣಿಗೆ ಸುರುಳಿಯು ಕದಲುವುದೇ ಇಲ್ಲ. ಗಾಲಿಗೆ ತಗಲಿದ ಪೆಟ್ಟು ನೇರವಾಗಿ ಬೆನ್ನಿಗೆ ಬರುವುದು. ನಮ್ಮ ಗಾಡಿಯಲ್ಲಿ ಆ ಬಳೆಯು ಐದನೆಯ ಮೆಟ್ಟಿಲಿನಲ್ಲಿತ್ತು. ಹಿಂದಿನ ಒಡೆಯರು ನೂರು ಕಿಲೋ ತೂಗುವ ಆಳು. ಹಿಂದೆ ಎರಡು ಕಬ್ಬಿಣದ ಪೆಟ್ಟಿಗೆಗಳನ್ನು ಕಟ್ಟಿಕೊಂಡು ಹಿಮಾಲಯಕ್ಕೆ ಹೋದವರು. ನಾವಿಬ್ಬರೂ ಕೂಡಿದರೆ ಅವರೊಬ್ಬರ ತೂಕಕ್ಕಿಂತ ತುಸು ಹೆಚ್ಚು, ಅಷ್ಟೆ. ಆ ಪೆಟ್ಟಿಗೆಗಳು ರಾಜಸ್ಥಾನಕ್ಕೆ ಹೋಗಿದ್ದವು. ಅವುಗಳ ಭಾರಕ್ಕೆ ಮಾಡಿದ ಏರ್ಪಾಡು ಮಾತ್ರ ಗಾಡಿಯಲ್ಲಿ ಉಳಿದಿತ್ತು.

ಅನಂತರ ಅವನು ಮುಂದಿನ ಕವಲಿನ ಕೊಳವೆಗೆ ಒಂದು ದಾರವನ್ನು ಸುತ್ತಿ, ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದನು. ಕವಲು ಎಷ್ಟು ಕುಗ್ಗುವುದೋ ಅಷ್ಟು ದೂರಕ್ಕೆ ದಾರವು ತಳ್ಳಲ್ಪಡುವುದು. ಸುಮಾರು 130 ಮಿಲಿಮೀಟರು ಕುಗ್ಗಬಲ್ಲ ಕವಲಿನಲ್ಲಿ ದಾರವು ಎರಡು ಬೆರಳು ಸರಿದಿತ್ತು. ಎಣ್ಣೆಯನ್ನು ಬಸಿದು ನೋಡಲಾಗಿ ಅದು ಬೇಕಾದುದಕ್ಕಿಂತ ಗಟ್ಟಿಯಾದ ಜಾತಿಯದು, ಅಳತೆಗಿಂತ ಹೆಚ್ಚೂ ಇದ್ದಿತು. ಗಟ್ಟಿ ಎಣ್ಣೆಯು ಸಣ್ಣ ರಂಧ್ರಗಳಲ್ಲಿ ಬೇಗ ಹರಿಯದು. ಹೆಚ್ಚು ಎಣ್ಣೆಯಿದ್ದರೆ ಅದರ ಮೇಲೆ ಗಾಳಿಗೆ ಎಡೆ ಕಡಿಮೆಯಾಗಿ, ಆ ಗಾಳಿಯೇ ಒತ್ತಿ ಒತ್ತಿ ಗಡುಸಾಗುವುದು.

ಕೊನೆಗೆ ಅವನು ಗಾಲಿಗಳ ಗಾಳಿಯನ್ನು ಅಳೆದು, “ಇದನ್ನ ಯಾರು ತುಂಬಿಸ್ಯಾರ್ರಿ?” ಎಂದು ಕೇಳಿದನು. ಪುಸ್ತಕದಲ್ಲಿ ಹೇಳಿರುವುದಕ್ಕಿಂತ ಹತ್ತು ಪೌಂಡು ಹೆಚ್ಚಿತ್ತು. ಅದು ನಾನು ತುಂಬಿಸಿದ್ದು. ಬಿಗಿಯಾದ ಗಾಲಿಯು ಪೆಟ್ರೋಲು ಉಳಿಸುವುದೆಂದು ಎಲ್ಲಿಯೋ ಓದಿ ಪ್ರತಿ ತಿಂಗಳೂ ತುಂಬಿಸುತ್ತಿದ್ದೆನು. ಹೆಂಡತಿಯು ಆ ಕಡೆ ತಿರುಗಿ ಅಂಗಡಿಯ ಫಲಕವನ್ನು ಓದುತ್ತಿದ್ದಳು.

ಹೊಸ ಶಾಕಪ್ಪು ಬೇಕಾಗಲಿಲ್ಲ. ಒಬ್ಬನೇ ಹೋಗುವಾಗ ಎರಡನೆಯ ಮೆಟ್ಟಿಲು, ಇಬ್ಬರಿದ್ದಾಗ ಮೂರನೆಯದು ಎಂದು ಹೇಳಿ, ಸರಿಯಾದ ಎಣ್ಣೆಯನ್ನು ಅಳೆದು ಹಾಕಿ, ಗಾಳಿಯನ್ನು ಇಳಿಸಿ, ಎಣ್ಣೆಯ ಬೆಲೆಯನ್ನೂ ಅರ್ಧ ದಿನದ ಕೂಲಿಯನ್ನೂ ತೆಗೆದುಕೊಂಡನು.

ಬೆನ್ನಿನ ಮಾತು ನಿಜವಾದ ಮೇಲೆ ಡಗ್ಗಾದ ಮಾತನ್ನೂ ಪರೀಕ್ಷಿಸಬೇಕಾಯಿತು. ಓಡುವ ವಾಹನದಲ್ಲಿ ಹಾಡು ಕೇಳುವ ಆಸೆ ಹೊಸದಲ್ಲ. 1930ರಲ್ಲಿಯೇ ಅಮೆರಿಕದ ಪಾಲ್ ಗಾಲ್ವಿನರು ಕಾರಿಗೆ ಕೂಡಿಸುವ ರೇಡಿಯೋವನ್ನು ‘ಮೋಟೊರೋಲಾ’ ಎಂಬ ಹೆಸರಿನಿಂದ ಮಾರಿದರು. ಜಪಾನಿನ ಹೋಂಡಾದವರು 1975ರಲ್ಲಿ ಹೊರತಂದ ಗೋಲ್ಡ್ ವಿಂಗ್ ಎಂಬ ಭಾರಿ ಗಾಡಿಗೆ ಮುಂದಿನ ದಶಕದಲ್ಲಿ ಧ್ವನಿಯಂತ್ರವೂ ಬಂತು. ಅಂಥ ಗಾಡಿಗಳಲ್ಲಿ ಎಲ್ಲವನ್ನೂ ಕಾರ್ಖಾನೆಯವರೇ ಜೋಡಿಸಿರುತ್ತಾರೆ. ನಮ್ಮದರಲ್ಲಿ ಜೋಡಿಸಿದವನು ನಾನು.

ಮೊದಲು ನೆಲದ ತಂತಿಯನ್ನು ನೋಡಿದೆನು. ಅದನ್ನು ಚೌಕಟ್ಟಿನ ಬಣ್ಣದ ಮೇಲೆಯೇ ಬಿಗಿದಿದ್ದೆನು. ಬಣ್ಣವು ವಿದ್ಯುತ್ತನ್ನು ಬಿಡದು. ತಿರುಪಿನ ಮೊನೆಯಲ್ಲಿ ಎಷ್ಟು ತಗಲಿತ್ತೋ ಅಷ್ಟರಲ್ಲಿಯೇ ಯಂತ್ರವು ಉಸಿರಾಡುತ್ತಿತ್ತು. ಉಜ್ಜುವ ಕಾಗದದಿಂದ ಬಣ್ಣ ಕೆರೆದು ಬಿಗಿದಾಗ ಸದ್ದು ಹೆಚ್ಚಿತು. ಡಗ್ಗಾ ಮಾತ್ರ ಬರಲಿಲ್ಲ. ಆಮೇಲೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲನ್ನು ತಂದು ಎರಡು ಪೆಟ್ಟಿಗೆಗಳ ತಂತಿಗಳಿಗೂ ಒಂದೇ ಕ್ರಮದಲ್ಲಿ ಮುಟ್ಟಿಸಿ ನೋಡಿದೆನು. ಒಂದರ ತೊಗಲು ಮುಂದಕ್ಕೆ ಉಬ್ಬಿತು. ಇನ್ನೊಂದರದು ಹಿಂದಕ್ಕೆ ಸರಿಯಿತು. ಹೊಸ ಪೆಟ್ಟಿಗೆಯ ತಂತಿಗಳನ್ನು ನಾನು ಅದಲುಬದಲು ಮಾಡಿದ್ದೆನು. ಒಂದು ಗಾಳಿಯನ್ನು ದೂಡುವಾಗ ಇನ್ನೊಂದು ಎಳೆಯುತ್ತಿತ್ತು. ಸೆಕೆಂಡಿಗೆ 100 ಸಲ ಕಂಪಿಸುವ ಮಂದ್ರಸ್ವರದ ಅಲೆಯು ಸುಮಾರು 3.4 ಮೀಟರು ಉದ್ದ. ಎರಡು ಪೆಟ್ಟಿಗೆಗಳ ನಡುವಣ ಅಂತರವು ಮೊಳಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟು ಸಮೀಪದಲ್ಲಿ ಎದುರುಬದುರಾಗಿ ಹುಟ್ಟಿದ ಉದ್ದದ ಅಲೆಗಳು ಒಂದನ್ನೊಂದು ನುಂಗುವುವು. ಮೇಲಿನ ಸಣ್ಣ ಸ್ವರಗಳು ಮಾತ್ರ ಹೇಗೋ ತಪ್ಪಿಸಿಕೊಂಡು ಕಿವಿಗೆ ಬರುವುವು. ತಂತಿಗಳನ್ನು ತಿರುಗಿಸಿ ಕಟ್ಟಿದೆನು. ಅಡಿಗೆಯ ಮನೆಯಿಂದ, “ಹಾಂ, ಈಗ ಬಂತು ನೋಡ್ರಿ ಡಗ್ಗಾ” ಎಂದು ದನಿ ಕೇಳಿಸಿತು. ನಾನು ಏನು ಮಾಡುತ್ತಿದ್ದೆನೆಂಬುದು ಅವಳಿಗೆ ಗೊತ್ತಿರಲಿಲ್ಲ.

ಮೂವತ್ತು ವರ್ಷ ಲೆಕ್ಕ ಬರೆದವನಾದ ನಾನು, ಸಂಖ್ಯೆಯಿಂದ ಹೇಳಿದ ದೂರನ್ನು ಮಾತ್ರ ನಂಬುತ್ತಿದ್ದೆನು. ಬೆನ್ನೂ ಕಿವಿಯೂ ಮೊದಲನೆಯ ದಿನವೇ ಹೇಳಿದ್ದನ್ನು ಅಳತೆಯ ಪಟ್ಟಿಯೂ ಸೆಲ್ಲೂ ಆರು ತಿಂಗಳ ಮೇಲೆ ಹೇಳಿದುವು. ಹೆಚ್ಚಿಗೆ ಏನನ್ನೂ ಹೇಳಲಿಲ್ಲ.

ಯುಗಾದಿಯ ಹಿಂದಿನ ಭಾನುವಾರ, ಏಪ್ರಿಲ್ 7ರ ನಸುಕಿನಲ್ಲಿ ಇಬ್ಬರೂ ಶಿರಸ್ತ್ರಾಣ ಧರಿಸಿ ಹೊರಟೆವು. ರಸ್ತೆಯು ಮೊದಲಿನಂತೆಯೇ ಇತ್ತು. ಕುಣಿಗಳೂ ಇದ್ದಲ್ಲಿಯೇ ಇದ್ದವು. ಗಾಡಿಯು ಅವುಗಳಲ್ಲಿ ಇಳಿದು ಏರಿ ಸಾಗುತ್ತಿತ್ತು. ತೊಗರಿ ಕೊಯ್ದ ಹೊಲಗಳು ಬೋಳಾಗಿದ್ದುವು. ವೇಗ ಹೆಚ್ಚಿದಲ್ಲಿ ಗಾಳಿಯು ಹಾಡನ್ನು ಒಯ್ಯುವುದು ನಿಜವೇ ಆದುದರಿಂದ ಅಲ್ಲಿ ನಿಲ್ಲಿಸಿಬಿಡುತ್ತಿದ್ದೆವು. ದಾರಿಯಲ್ಲಿ ಒಂದು ಬೇವಿನ ಗಿಡದ ಕೆಳಗೆ ತಂಗಿ ಒಂದು ವಚನವನ್ನು ಪೂರ್ತಿಯಾಗಿ ಕೇಳಿದೆವು. ಅವಳು ಬೆನ್ನಿನ ವಿಷಯವನ್ನು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಅತ್ತೆಯವರು ಕಟ್ಟೆಯ ಮೇಲೆಯೇ ಇದ್ದರು. ನಾವು ತಿರುವಿನಲ್ಲಿರುವಾಗಲೇ ಎದ್ದು ನಿಂತಿದ್ದರು. 1966ರಲ್ಲಿ ಕಲಬುರಗಿ ಆಕಾಶವಾಣಿ ಆರಂಭವಾದಂದಿನಿಂದ ವಚನ ಕೇಳುತ್ತ ಬಂದ ಕಿವಿ ಅವರದು. ಗಾಡಿಯ ಹಾಡನ್ನು ಆರಿಸಬೇಡವೆಂದು ಕೈಸನ್ನೆ ಮಾಡಿ, ಕುಳಿತು, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದರು. ಹಾಡು ಮುಗಿದ ಮೇಲೆ ಮಗಳ ಕೈಯನ್ನು ಹುಡುಕಿ ಹಿಡಿದುಕೊಂಡು, “ಹನ್ನೆರಡು ಐತವಾರ ಆಯ್ತವ್ವಾ, ಯಾಕ ಬರಲಿಲ್ಲ?” ಎಂದು ಕೇಳಿದರು. ಅವರು ಎಣಿಸುತ್ತಿದ್ದರೆಂಬುದು ನಮಗೆ ತಿಳಿದಿರಲಿಲ್ಲ.

“ಗಾಡಿ ಕೆಟ್ಟಿತ್ತವ್ವಾ. ಈಗ ಸರಿ ಆಗ್ಯಾದ” ಎಂದಳು ನನ್ನ ಹೆಂಡತಿ.

ನಾನು ಗಾಡಿಗೆ ಕಟ್ಟಿದ್ದ ಚೀಲವನ್ನು ಬಿಚ್ಚುತ್ತಿದ್ದೆನು. ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ಅಲ್ಲಿಯೇ ನಿಂತು, ಅನಂತರ ಒಳಕ್ಕೆ ಹೋದೆನು.