ನೀರಿಲ್ಲದ ಹೊಳೆ, ಸಿಗದ ವೀಸಾ

ವೆಲೆನ್ಸಿಯಾ ಊರಿನ ನಡುವೆ ಒಂದು ಹೊಳೆ ಇದೆ, ಅದರಲ್ಲಿ ನೀರಿಲ್ಲ. 1957ರ ಅಕ್ಟೋಬರಿನಲ್ಲಿ ತೂರಿಯಾ ನದಿ ಉಕ್ಕಿ ಊರನ್ನು ಮುಳುಗಿಸಿದ ಮೇಲೆ ಸ್ಪೇನಿನವರು ನದಿಯನ್ನೇ ದಕ್ಷಿಣಕ್ಕೆ ತಿರುಗಿಸಿಬಿಟ್ಟರು. ಬರಿದಾದ ಪಾತ್ರದಲ್ಲಿ ಹೆದ್ದಾರಿ ಮಾಡುವ ಯೋಜನೆಯಿತ್ತು, ಊರವರು ಒಪ್ಪಲಿಲ್ಲ. ಈಗ ಅಲ್ಲಿ ಸುಮಾರು ಒಂಬತ್ತು ಕಿಲೋಮೀಟರ್ ಉದ್ದದ ತೋಟ. ಹಳೆಯ ಕಲ್ಲುಸೇತುವೆಗಳು ಹಾಗೇ ನಿಂತಿವೆ. ಕೆಳಗೆ ಸೈಕಲ್ಲುಗಳು, ಕಿತ್ತಳೆ ಮರಗಳು, ಚೆಂಡಾಡುವ ಹುಡುಗರು. ಪುಣೆಯಲ್ಲಿ ಮುಠಾ ನದಿಯ ಪಕ್ಕ ದಿನಾ ಟ್ರಾಫಿಕ್ಕಿನಲ್ಲಿ ನಿಲ್ಲುವ ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ತಪ್ಪಿಲ್ಲ.

ಆ ತೋಟದ ಬೆಂಚುಗಳ ಮೇಲೆ, ರುಸಾಫಾ ಬಡಾವಣೆಯ ಕಾಫಿ ಅಂಗಡಿಗಳಲ್ಲಿ, ಎಲ್ಲಿ ನೋಡಿದರೂ ಲ್ಯಾಪ್‌ಟಾಪ್ ತೆರೆದು ಕೂತವರು. ನಮ್ಮವರಿಗಂತೂ ಇಲ್ಲಿನ ಗಡಿಯಾರ ಹೇಳಿ ಮಾಡಿಸಿದಂತಿದೆ. ಬೇಸಿಗೆಯಲ್ಲಿ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ. ಬೆಳಿಗ್ಗೆ ಆರಕ್ಕೆ ಲಾಗಿನ್ ಆದರೆ ಪುಣೆಯಲ್ಲಿ ಒಂಬತ್ತೂವರೆ, ಮಧ್ಯಾಹ್ನ ಮೂರಕ್ಕೆ ದಿನದ ಕೆಲಸ ಮುಗಿದಿರುತ್ತದೆ. ಆಮೇಲೆ ಸಮುದ್ರ.

ನಾನು ಹತ್ತು ದಿನ ಉಳಿದಿದ್ದು ಒಬ್ಬ ದಾವಣಗೆರೆ ಹುಡುಗಿಯ ಮನೆಯಲ್ಲಿ. ನಮ್ಮ ಪುಣೆಯ ಕನ್ನಡ ಬಳಗದಲ್ಲೇ ಬೆಳೆದವಳು, ಫ್ರೀಲಾನ್ಸ್ ಡಿಸೈನರ್. ಯೂರೋಪಿನ ಎರಡು ಕಂಪನಿಗಳಿಗೆ ಕೆಲಸ ಮಾಡುತ್ತಾಳೆ. ಗಂಡ ಹಿಂಜವಡಿಯ ಕಂಪನಿಯೊಂದರಲ್ಲಿ ಕಾಯಂ ನೌಕರ, ಸಂಬಳ ಇವಳ ಆದಾಯಕ್ಕಿಂತ ಹೆಚ್ಚು. ಇಬ್ಬರೂ ಒಟ್ಟಿಗೇ ಅರ್ಜಿ ಹಾಕಿದರು. ಇವಳಿಗೆ ವೀಸಾ ಬಂತು, ಅವನಿಗೆ ಬರಲಿಲ್ಲ. “ಅಣ್ಣಾ, ಮನೇಲಿ ಎಲ್ಲರೂ ಅಂದ್ಕೊಂಡಿದ್ದು ಉಲ್ಟಾ ಆಗುತ್ತೆ ಅಂತ” ಎಂದಳು, ಇಲ್ಲಿನ ಗುಂಡು ಗುಂಡಾದ ಬೊಂಬಾ ಅಕ್ಕಿಯಲ್ಲಿ ಚಿತ್ರಾನ್ನ ಕಲಸುತ್ತ. (ಚಿತ್ರಾನ್ನ ಮುದ್ದೆಯಾಗಿತ್ತು. ರುಚಿಯಾಗಿಯೇ ಇತ್ತು.)

ಸ್ಪೇನ್ ದೂರದಿಂದ ಕೆಲಸ ಮಾಡುವವರಿಗಾಗಿ ಈ ವೀಸಾ ತಂದದ್ದು 2022ರ ಡಿಸೆಂಬರಿನ ಸ್ಟಾರ್ಟಪ್ ಕಾನೂನಿನಲ್ಲಿ. ಅಲ್ಲಿನ ಕನಿಷ್ಠ ವೇತನದ ಎರಡರಷ್ಟು ಆದಾಯ ಬೇಕು. 2025ರ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 2,763 ಯೂರೋ, ಅಂದರೆ ಎರಡೂವರೆ ಲಕ್ಷ ರೂಪಾಯಿಗೂ ಮೇಲೆ. ಪದವಿ, ಇಲ್ಲವೇ ಮೂರು ವರ್ಷದ ಅನುಭವ. ಕಂಪನಿ ಶುರುವಾಗಿ ವರ್ಷವಾಗಿರಬೇಕು, ಅದರ ಜೊತೆ ನಿಮ್ಮ ಸಂಬಂಧಕ್ಕೆ ಮೂರು ತಿಂಗಳಾಗಿರಬೇಕು. ಇಷ್ಟನ್ನು ಓದಿದ ನಮ್ಮ ಐಟಿ ಮಂದಿ ‘ಇದು ನನಗೇ ಮಾಡಿದ್ದು’ ಅಂದುಕೊಳ್ಳುತ್ತಾರೆ. ಎಡವುವುದು ಇದರ ಮುಂದಿನ ಸಾಲಿನಲ್ಲಿ: ಸಾಮಾಜಿಕ ಭದ್ರತೆ.

ನೌಕರನಾಗಿ ಬರುವವನು ತನ್ನ ದೇಶದ ಸಾಮಾಜಿಕ ಭದ್ರತೆ ಸ್ಪೇನಿನಲ್ಲೂ ತನ್ನನ್ನು ಕಾಯುತ್ತದೆ ಎಂಬ ಪ್ರಮಾಣಪತ್ರ ತರಬೇಕು. ನಮ್ಮಲ್ಲಿ ಅದನ್ನು ಕೊಡುವುದು ಪಿಎಫ್ ಇಲಾಖೆ. ಆದರೆ ಎರಡು ದೇಶಗಳ ನಡುವೆ ಒಪ್ಪಂದವಿದ್ದರೆ ಮಾತ್ರ. ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್ ಜೊತೆ ಭಾರತಕ್ಕೆ ಒಪ್ಪಂದವಿದೆ. ಪಕ್ಕದ ಪೋರ್ಚುಗಲ್ ಜೊತೆಗೂ 2017ರಿಂದ ಜಾರಿಯಲ್ಲಿದೆ. ಸ್ಪೇನ್ ಆ ಪಟ್ಟಿಯಲ್ಲಿಲ್ಲ. ಇನ್ನುಳಿದ ದಾರಿ ಒಂದೇ, ಹಿಂಜವಡಿಯ ಕಂಪನಿ ಸ್ಪೇನಿನಲ್ಲಿ ಹೆಸರು ನೋಂದಾಯಿಸಿ ಈ ಒಬ್ಬನಿಗಾಗಿ ಅಲ್ಲಿನ ವಂತಿಗೆ ಕಟ್ಟುವುದು. ಯಾವ ಕಂಪನಿ ಕಟ್ಟೀತು? ಹತ್ತು ವರ್ಷದಿಂದ ತಪ್ಪದೆ ಪಿಎಫ್ ತುಂಬಿದವನಿಗೆ ಅದೇ ಪಿಎಫ್ ಉಪಯೋಗಕ್ಕೆ ಬರಲಿಲ್ಲ. ಪಿಎಫ್ ಮುಖವನ್ನೇ ನೋಡದ ಹೆಂಡತಿ ಸ್ಪೇನಿನಲ್ಲಿ ಸ್ವಂತ ಉದ್ಯೋಗಿ ಎಂದು ತಾನೇ ನೋಂದಾಯಿಸಿಕೊಂಡು, ಹೊಸಬರಿಗೆ ಮೊದಲ ವರ್ಷ ಇರುವ ತಿಂಗಳಿಗೆ 80 ಯೂರೋದ ರಿಯಾಯಿತಿ ದರ ಕಟ್ಟಿ ಒಳಗೆ ಬಂದಳು.

ಅವನ ಅರ್ಜಿಯಲ್ಲಿ ಇನ್ನೊಂದು ಎಡವಟ್ಟೂ ಇತ್ತು. ಪ್ರವಾಸದ ವೀಸಾಕ್ಕೆ ಎಚ್‌ಆರ್‌ನವರು ಕೊಡುವ ಎನ್‌ಒಸಿ ನೀವೂ ನೋಡಿರುತ್ತೀರಿ: ‘ಇವರ ರಜೆ ಮಂಜೂರಾಗಿದೆ, ಮುಗಿದ ಮೇಲೆ ಕೆಲಸಕ್ಕೆ ಮರಳುತ್ತಾರೆ.’ ಅದೇ ಅಚ್ಚಿನಲ್ಲಿ ಇವನಿಗೂ ಪತ್ರ ಕೊಟ್ಟರು. ಬೇಕಾಗಿದ್ದದ್ದು ತದ್ವಿರುದ್ಧ: ರಜೆಯಲ್ಲ, ಸ್ಪೇನಿನಲ್ಲಿ ಕೂತು ಇಂಥ ಕೆಲಸ ಮಾಡಲು ಒಪ್ಪಿಗೆಯಿದೆ, ಸಂಬಳ ಇಷ್ಟು, ಅವಧಿ ಇಷ್ಟು. ಎಚ್‌ಆರ್ ಹಾಗೆ ಬರೆಯಲು ಹೆದರುವುದಕ್ಕೂ ಕಾರಣವಿದೆ. ನೌಕರ ಬೇರೆ ದೇಶದಲ್ಲಿ ಕೂತು ದುಡಿದರೆ ಕಂಪನಿಗೇ ಅಲ್ಲಿ ತೆರಿಗೆ ಬಿದ್ದೀತು ಎಂಬ ಅಳುಕು, ಜೊತೆಗೆ ಗ್ರಾಹಕರ ಡೇಟಾ ದೇಶ ಬಿಟ್ಟು ಹೋಗಬಾರದೆಂಬ ಕರಾರು. ಬಾಯಲ್ಲಿ ‘ಎಲ್ಲಿಂದಾದರೂ ಮಾಡಿ’ ಅನ್ನುವ ಮ್ಯಾನೇಜರ್ ಕಾಗದಕ್ಕೆ ಸಹಿ ಹಾಕುವುದಿಲ್ಲ.

ಇನ್ನು ನಮ್ಮ ಹೆಸರುಗಳ ಗೋಳು. ಅಂಕಪಟ್ಟಿಯಲ್ಲಿ ಕೆ. ಎಸ್. ಮಂಜುನಾಥ, ಪಾಸ್‌ಪೋರ್ಟಿನಲ್ಲಿ ಕಬ್ಬೂರು ಶಿವಪ್ಪ ಮಂಜುನಾಥ ಎಂದಿದ್ದರೆ, ಅಪ್ಪನದೂ ಅಮ್ಮನದೂ ಎರಡು ಮನೆತನದ ಹೆಸರಿಟ್ಟುಕೊಳ್ಳುವ ಸ್ಪೇನಿನ ಅಧಿಕಾರಿ ಕಬ್ಬೂರು ಯಾರ ಮನೆತನ ಎಂದು ಹುಡುಕುತ್ತಾನೆ. ಅದು ಊರು ಎಂದು ಅವನಿಗೆ ಹೇಳುವವರಾರು? ಇಬ್ಬರೂ ಒಬ್ಬನೇ ಎಂಬ ಅಫಿಡವಿಟ್ ಮೊದಲೇ ಮಾಡಿಸಿ, ಪದವಿ ಪತ್ರ, ಪೊಲೀಸ್ ಕ್ಲಿಯರೆನ್ಸ್‌ಗಳ ಜೊತೆಗೆ ಅದಕ್ಕೂ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಮುದ್ರೆ ಒತ್ತಿಸಿಕೊಳ್ಳಿ. ಪಾಸ್‌ಪೋರ್ಟಿನ ವಿಳಾಸ ಹುಬ್ಬಳ್ಳಿಯದಾಗಿ ನೀವಿರುವುದು ಪುಣೆಯಲ್ಲಾದರೆ ಪೊಲೀಸ್ ಕಾಗದಕ್ಕೆ ಇನ್ನಷ್ಟು ವಾರ ಇಟ್ಟುಕೊಳ್ಳಿ.

ತಿರಸ್ಕಾರದ ಪತ್ರ ಬಂದರೆ ಅದೇ ಕಚೇರಿಗೆ ಮರುಪರಿಶೀಲನೆ ಕೇಳಲು ಒಂದು ತಿಂಗಳು, ಮ್ಯಾಡ್ರಿಡ್‌ನ ಕೋರ್ಟಿಗೆ ಹೋಗಲು ಎರಡು ತಿಂಗಳು ಅವಕಾಶ. ಕಾಗದ ಬಿಟ್ಟುಹೋಗಿದ್ದರೆ ಮೊದಲನೆಯದು ಮಾಡಿ ನೋಡಬಹುದು. ಒಪ್ಪಂದವೇ ಇಲ್ಲದಿದ್ದಾಗ ಮರುಪರಿಶೀಲನೆ ಏನು ಮಾಡೀತು?

ಹೆಂಡತಿಯ ಅವಲಂಬಿತನಾಗಿ ಅವನು ಬರಬಹುದು, ಅದಕ್ಕೆ ಅವಳ ಆದಾಯ ಇನ್ನೂ ಸಾವಿರ ಯೂರೋ ಏರಬೇಕು. ಸದ್ಯಕ್ಕೆ ಅವನು ಷೆಂಗೆನ್ ವೀಸಾದಲ್ಲಿ ರಜೆ ಹಾಕಿ ಬಂದು ಹೋಗುತ್ತಾನೆ, ನೂರ ಎಂಬತ್ತು ದಿನಗಳಲ್ಲಿ ತೊಂಬತ್ತು ದಿನ ಮೀರದಂತೆ. ಕೆಲಸ ಬಿಟ್ಟು ಕನ್ಸಲ್ಟೆಂಟ್ ಆಗಿ ಮತ್ತೆ ಅರ್ಜಿ ಹಾಕುವ ಮಾತೂ ಇದೆ. ಆದರೆ ಈ ಕಂಪನಿಯಲ್ಲಿ ಐದು ವರ್ಷ ತುಂಬಿ ಗ್ರಾಚ್ಯುಟಿ ಕೈಗೆ ಬರಲು ಇನ್ನೂ ಏಳು ತಿಂಗಳಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವಳು ಆ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದಾಳೆ.