ಒಂದರಿಂದ ನಾಲ್ಕು

ನಾವು ಪುಣೆಗೆ ಹೋದದ್ದು ಯಾವ ವರ್ಷ ಅಂತ ಗಟ್ಟಿಯಾಗಿ ಹೇಳಲಾರೆ. ಸ್ವಾರಗೇಟಿನಿಂದ ಕಾತ್ರಜ್‌ತನಕ ರಸ್ತೆಯ ನಟ್ಟನಡುವೆ ಬಸ್ಸಿಗೇ ಅಂತ ಬೇರೆ ದಾರಿ ಮಾಡಿದ್ದರಲ್ಲ, ದೇಶದಲ್ಲೇ ಮೊದಲನೇದು ಅಂತ 2006ರಲ್ಲಿ ಸುರುವಾಗಿದ್ದು, ಅದಿನ್ನೂ ಹೊಸದು. ಯಾವ ಕಡೆ ನಿಂತರೆ ಬಸ್ಸು ಸಿಗುತ್ತದೆ ಅಂತ ಪುಣೆಯವರೇ ಒಬ್ಬರನ್ನೊಬ್ಬರು ಕೇಳುತ್ತಿದ್ದ ಕಾಲ. ಮಳೆಗಾಲ ಅನ್ನೋದಂತೂ ಖಾತ್ರಿ. ಧಾರವಾಡದಿಂದ ಟೆಂಪೋದಲ್ಲಿ ಹೊರಟ ನಮ್ಮ ಗಾದಿಗಳು ಖಂಬಾಟಕಿ ಘಾಟಿನಲ್ಲಿ ತೋಯ್ದು ತೊಪ್ಪೆಯಾಗಿ ಪುಣೆಯ ಧನಕವಡಿಗೆ ಬಂದಿಳಿದವು. ಅವು ಪೂರಾ ಒಣಗಿದ್ದು ಗಣಪತಿ ಹಬ್ಬದ ಹೊತ್ತಿಗೆ ಅಂತ ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಅಷ್ಟು ದಿನ ಹಿಡಿದಿರಲಿಕ್ಕಿಲ್ಲ.

ಹೆಂಡತಿಗೆ ಭಾರತೀ ವಿದ್ಯಾಪೀಠದಲ್ಲಿ ಒಂದು ವರ್ಷದ ಕೋರ್ಸು. ನನ್ನದು ಪ್ರೂಫ್ ತಿದ್ದುವ ಕೆಲಸ, ಎಲ್ಲಿ ಕೂತರೂ ಆದೀತು. ಹೀಗಾಗಿ ಮಗಳು ನನ್ನ ಪಾಲಿಗೆ ಬಂದಳು. ಆಗ ಆಕೆಗೆ ಮೂರೂವರೆ ವರ್ಷ.

ನಮ್ಮ ಕಡೆಯವರಿಗೆ ಪುಣೆ ಅಂದರೆ ಪರದೇಶ ಅಲ್ಲ. ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಅದಕ್ಕೂ ಮೊದಲು ಕಾಲೇಜು ಓದೋದು ಅಂದರೆ ಗಂಟು ಕಟ್ಟಿಕೊಂಡು ಪುಣೆಗೋ ಮುಂಬಯಿಗೋ ಹೋಗೋದೇ. ಬೇಂದ್ರೆಯವರು ಬಿ.ಎ. ಮಾಡಿದ್ದು ಫರ್ಗ್ಯುಸನ್ ಕಾಲೇಜಿನಲ್ಲಿ, 1918ರಲ್ಲಿ. ಗದಗಿನ ಭೀಮಸೇನ ಜೋಶಿ ಪುಣೆಯಲ್ಲೇ ನೆಲೆ ನಿಂತು, ಕುಂದಗೋಳದ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಿಂದ ವರ್ಷಾ ವರ್ಷಾ ಸಂಗೀತ ಉತ್ಸವ ನಡೆಸಿದರು. ಇದನ್ನೆಲ್ಲ ನಮ್ಮಪ್ಪ ಬೀಳ್ಕೊಡುವಾಗ ಬಸ್‌ಸ್ಟ್ಯಾಂಡಿನಲ್ಲಿ ಹೇಳಿ ಧೈರ್ಯ ತುಂಬಿದ. ಆ ದೊಡ್ಡವರು ಯಾರೂ "ಅಜ್ಜಿ ಬೇಕು" ಅಂತ ರಾತ್ರಿಯೆಲ್ಲ ಅಳುವ ಕೂಸನ್ನು ಬಗಲಲ್ಲಿ ಇಟ್ಟುಕೊಂಡು ಹೋಗಿರಲಿಲ್ಲ, ಅಷ್ಟೇ ಫರಕು.

ಮಾಳಿಗೆ ಮೇಲಿನ ಎರಡು ಖೋಲಿ ನಮ್ಮವು. ಕೆಳಗೆ ಮಾಲಕರು. ಅವರನ್ನು ನಾವು ಕಾಕಾ, ಕಾಕೂ ಅನ್ನುತ್ತಿದ್ದೆವು. ಹನ್ನೊಂದು ತಿಂಗಳ ಕರಾರು, ಅಲ್ಲಿ ಎಲ್ಲರದೂ ಅಷ್ಟೇ. ಕಾಕಾ ಮೂಲತಃ ಸಾತಾರಾದವರು, ಸರಕಾರಿ ನೌಕರಿಯಿಂದ ನಿವೃತ್ತಿ. ರದ್ದಿ ಪೇಪರಿನವ ಬಂದರೆ ಅವನ ತಕ್ಕಡಿ ನಂಬದೆ ತಮ್ಮದೇ ತಕ್ಕಡಿ ತರುತ್ತಿದ್ದರು. ನೀರಿನ ಮೋಟರು ಸುರುವಾದರೆ ಕೈಗಡಿಯಾರ ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದರು. ಬಾಗಿಲ ಮೇಲೆ ಸ್ವಂತ ಕೈಯಿಂದ ಬರೆದ ಪಾಟಿ: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾರೂ ಬೆಲ್ ಬಾರಿಸಬಾರದು, ಬಾರಿಸಿದರೂ ತೆರೆಯುವುದಿಲ್ಲ. ಪುಣೆಯವರ ಮಧ್ಯಾಹ್ನದ ನಿದ್ದೆ ಲೋಕಪ್ರಸಿದ್ಧ. ಹಳೇ ಪೇಟೆಗಳಲ್ಲಿ ಅಂಗಡಿಗಳೇ ಆ ಹೊತ್ತಿಗೆ ಮುಚ್ಚುತ್ತವೆ. ಕಾಕಾ ಪೇಟೆ ಬಿಟ್ಟು ಧನಕವಡಿಗೆ ಬಂದರೂ ನಿದ್ದೆಯನ್ನು ಬಿಟ್ಟು ಬಂದಿರಲಿಲ್ಲ.

ಮಗಳಿಗೆ ಅಲ್ಲಿ ಏನೂ ಸೇರಲಿಲ್ಲ. ಧಾರವಾಡದಲ್ಲಿ ಗೌಳಿಗರಾಕಿ ತಂದು ಹಾಕುವ ಎಮ್ಮೆ ಹಾಲು ಕುಡಿದ ಕೂಸು, ಕಾತ್ರಜ್ ಡೇರಿಯ ಪಾಕೀಟಿನ ಹಾಲಿಗೆ ಮಾರಿ ತಿರುವುತ್ತಿತ್ತು. ಹಾಲಿನದೇನೂ ತಪ್ಪಿಲ್ಲ, ಅದರ ಕೆನೆಯಲ್ಲಿ ಆಕೆಯ ಅಜ್ಜಿ ಇರಲಿಲ್ಲ. ಜೋಳಕ್ಕೇನು ಕೊರತೆ ಇಲ್ಲ, ಸೊಲ್ಲಾಪುರದ ಮಾಲದಂಡಿ ಜೋಳ ಗಿರಣಿಯಲ್ಲೇ ಸಿಗುತ್ತಿತ್ತು. ಆದರೆ ಬಡಿಯುವವ ನಾನು. ನನ್ನ ರೊಟ್ಟಿ ನೋಡಿ ಮಗಳು, "ಅಪ್ಪಾ, ಇದು ಹರದದ," ಅಂತ ಪಕ್ಕಕ್ಕೆ ಸರಿಸುತ್ತಿದ್ದಳು.

ಒಂದು ಮಧ್ಯಾಹ್ನ ಜಿಟಿಜಿಟಿ ಮಳೆ. ಕಾತ್ರಜ್ ಘಾಟಿನ ಕಡೆ ಗುಡ್ಡಗಳೇ ಕಾಣುತ್ತಿರಲಿಲ್ಲ, ಕರೆಂಟೂ ಹೋಗಿತ್ತು. ನಾನು ಕಿಟಕಿಯ ಬೆಳಕಿಗೆ ಪ್ರೂಫ್ ಹಿಡಿದು ಕೂತಿದ್ದೆ. ಯಾವುದೋ ಪಂಚಾಂಗದ್ದೋ, ಗಣಿತದ ಗೈಡಿನದೋ, ಅದೊಂದು ನೆನಪಿಲ್ಲ. ಕೆಳಗಿನಿಂದ ಢಣಢಣ ಸಪ್ಪಳ ಬಂತು. ಹಿಂದಿರುಗಿ ನೋಡಿದರೆ ಮಗಳಿಲ್ಲ. ಮೆಟ್ಟಿಲು ಇಳಿದು ಓಡಿದೆ. ಬೆಲ್ ಆಕೆಗೆ ನಿಲುಕುತ್ತಿರಲಿಲ್ಲ. ಸ್ಟೀಲಿನ ತಾಟಿನಿಂದ ಕಾಕಾನ ಬಾಗಿಲು ಬಾರಿಸುತ್ತಿದ್ದಳು. ಹೊತ್ತು ಎರಡು ಗಂಟೆಯ ಸುಮಾರು.

ಬಾಗಿಲು ತೆರೆಯಿತು. ಬನಿಯನ್ನು, ಕೆದರಿದ ಬಿಳಿ ಕೂದಲು, ಅರ್ಧ ನಿದ್ದೆಯ ಕೆಂಗಣ್ಣು. ಕಾಕಾ ಮೊದಲು ನನ್ನನ್ನು ನೋಡಿದರು, ಆಮೇಲೆ ತಮ್ಮ ಪಾಟಿಯನ್ನು, ಆಮೇಲೆ ಕೆಳಗೆ ಬಗ್ಗಿ ಈಕೆಯನ್ನು. ಮರಾಠಿಯಲ್ಲಿ ಒಳಗೆ ಕೂಗಿ ಹೇಳಿದರು: "ಏ, ಇದಕ್ಕ ಇನ್ನೂ ಓದಲಿಕ್ಕೆ ಬರೂದಿಲ್ಲ!" ನನಗೂ ನಾಲ್ಕು ಮಾತು ಬೈದರು ಅಂತ ಹೆಂಡತಿ ಹೇಳುತ್ತಾಳೆ. ಆಕೆ ಆ ಹೊತ್ತಿನಲ್ಲಿ ಮನೆಯಲ್ಲೇ ಇರಲಿಲ್ಲ. ಆದರೂ ಈ ಕಥೆ ನನಗಿಂತ ಆಕೆಗೇ ಚೆನ್ನಾಗಿ ಬರುತ್ತದೆ.

ಕಾಕೂ ಮೆತ್ತಗಿನ ಬಿಸಿ ಅನ್ನ ಹಾಕಿ, ಮೇಲೆ ತುಪ್ಪ, ಮೇಲೆ ಒಂದು ಚಮಚೆ ಮೇತಕೂಟ ಉದುರಿಸಿದರು. ಬೇಳೆ, ಅಕ್ಕಿ, ಮೆಂತ್ಯೆ ಹುರಿದು ಬೀಸಿದ ಪುಡಿ, ನಮ್ಮ ಕಡೆ ಮೆಂತ್ಯೆ ಹಿಟ್ಟು ಮಾಡುವ ರೀತಿಯೇ. ಮಗಳು ಮೊದಲು ಮೂಸಿ ನೋಡಿದಳು. ಆಮೇಲೆ ತಲೆ ಎತ್ತಲಿಲ್ಲ. ಉಂಡವಳು ಕಾಕಾನ ಗಾದಿ ಮೇಲೆ, ಅವರ ಜಾಗದಲ್ಲೇ ಅಡ್ಡ ಮಲಗಿದಳು. ಕಾಕಾ ಆರಾಮ ಕುರ್ಚಿಗೆ ಹೋದರು.

ಅಲ್ಲಿಂದ ಮುಂದೆ ಒಂದು ಗಂಟೆಯಾದರೆ ಸಾಕು, ಆಕೆ ತಾಟು ಹಿಡಿದು ಕೆಳಗೆ. ಪಾಟಿ ತೆಗೆಯಲಿಲ್ಲ ಕಾಕಾ, ಅದು ನಮಗೆ, ಪೋಸ್ಟಿನವನಿಗೆ, ಗ್ಯಾಸಿನವನಿಗೆ ಹಾಗೇ ಇತ್ತು. ಕನ್ನಡ ಸಂಘದ ಶಾಲೆ ದೂರದ ಗಣೇಶನಗರದಲ್ಲಿ, ಎರಡು ಬಸ್ಸು ಬದಲಿಸಬೇಕು ಅಂತ ಚಿಂತಿಸುತ್ತಿದ್ದವರು ನಾವು. ಕಾಕೂ ಒಂದು ದಿನ ತಾವೇ ಕೈಹಿಡಿದು ಓಣಿಯ ಬಾಲವಾಡಿಗೆ ಕೂಡಿಸಿ ಬಂದರು. ತಿಂಗಳೊಪ್ಪತ್ತಿನಲ್ಲಿ ಮರಾಠಿಯಲ್ಲಿ ಜಗಳ ಆಡುವಷ್ಟಾದಳು. ನನ್ನ ಮರಾಠಿ ಕಾಯಿಪಲ್ಲೆಯವಳನ್ನು ದಾಟಿ ಮುಂದೆ ಹೋಗಲೇ ಇಲ್ಲ.

ಸಂಜೆ ಕಾಕಾನೇ ಆಕೆಯನ್ನು ತಿರುಗಾಡಿಸುತ್ತಿದ್ದರು. ಗುರುವಾರ ಶಂಕರ ಮಹಾರಾಜರ ಮಠ. ಅಲ್ಲಿ ಭಕ್ತರು ಮಹಾರಾಜರಿಗೆ ಸಿಗರೇಟು ಹಚ್ಚಿ ಅರ್ಪಿಸುವ ಪದ್ಧತಿ ಉಂಟು. "ಅಜ್ಜಾಗೂ ಕೆಮ್ಮು ಬರತದೇನು?" ಅಂತ ಈಕೆ ಕೇಳಿದ್ದಕ್ಕೆ ಅಂಥ ಬಾಯಾಳಿ ಕಾಕಾನೂ ಉತ್ತರವಿಲ್ಲದೆ ನಿಂತರಂತೆ. ಕಾತ್ರಜ್ ಕೆರೆಗೆ ಹೋದರೆ, ನಾನಾಸಾಹೇಬ ಪೇಶವೆ ಇಲ್ಲಿಂದ ನೆಲದೊಳಗಿನ ಕಾಲುವೆಯಲ್ಲಿ ಶನಿವಾರವಾಡೆತನಕ ನೀರು ಒಯ್ದದ್ದನ್ನು ಹೇಳೋರು. ಆಕೆಯ ಲಕ್ಷ್ಯವೆಲ್ಲ ಪಕ್ಕದ ಪ್ರಾಣಿಸಂಗ್ರಹಾಲಯದ ಹಾವಿನ ಮೇಲೆ. ಬುಧವಾರ ಅದಕ್ಕೆ ರಜಾ, ಹಾಗಾಗಿ ಬುಧವಾರ ಆಕೆಗೆ ಸೇರದ ವಾರ.

ಕಾಕಾ ಮತ್ತು ನನ್ನ ನಡುವೆ ಇದ್ದ ಜಗಳ ಒಂದೇ, ಪೇಡೆಯದು. ಊರಿಂದ ಯಾರಾದರೂ ಧಾರವಾಡ ಪೇಡೆ ತಂದರೆ, ಕಾಕಾ ಎರಡು ತಿಂದು, ಬಾಯಿ ಒರೆಸಿಕೊಂಡು, "ಸಾತಾರಾದ ಕಂದಿ ಪೇಡೆಗೆ ಸರಿ ಆಗೂದಿಲ್ಲ," ಅನ್ನೋರು. ಮರುದಿನ ಡಬ್ಬಿಯಲ್ಲಿ ಇನ್ನೆರಡು ಕಮ್ಮಿ ಇರುತ್ತಿದ್ದವು. ಅವರ ಕಂದಿ ಪೇಡೆಯೂ ಬಲು ರುಚಿ. ಇದನ್ನು ಅವರ ಮುಂದೆ ನಾನು ಒಪ್ಪಲಿಲ್ಲ.

ಹನ್ನೊಂದು ತಿಂಗಳ ಕರಾರು ಮುಗಿದಾಗ ಕೋರ್ಸು ಇನ್ನೂ ಸ್ವಲ್ಪ ಬಾಕಿ. ಭಾಡಿಗೆ ಏರಿಸುತ್ತಾರೆ ಅಂತ ಲೆಕ್ಕ ಹಾಕಿಕೊಂಡು ಕೆಳಗಿಳಿದೆ. ಕಾಕಾ ಕಾಗದದ ಮಾತೇ ಎತ್ತಲಿಲ್ಲ. ನೀರಿನ ಬಿಲ್ಲು ಮಾತ್ರ ಪೈಸೆಗೆ ಪೈಸೆ ಲೆಕ್ಕ ಮಾಡಿ ಇಸಿದುಕೊಂಡರು.

ಸಣ್ಣ ಮಕ್ಕಳನ್ನು ಕಟ್ಟಿಕೊಂಡು ನೀವೂ ಒಂದೆರಡು ವರ್ಷಕ್ಕೆ ಅಂತ ಆ ಕಡೆ ಹೊರಟಿದ್ದರೆ, ಮನೆ ನೋಡುವಾಗ ನೀರು, ಬಸ್ಸು ಎಲ್ಲ ವಿಚಾರಿಸಿರಿ. ಆದರೆ ಕೆಳಗಿನ ಮನೆಯಲ್ಲಿ ವಯಸ್ಸಾದವರು ಇದ್ದಾರೋ ಇಲ್ಲವೋ ಅನ್ನೋದನ್ನು ಮೊದಲು ಕೇಳಿರಿ.