ಡಿಕ್ಕಿಲಿ ವೂಫರ್ರೂ ಇರಬೇಕು, ಅವ್ವನ ವಾಕರ್ರೂ ಇರಬೇಕು

ಈ ಸಲ ಸಂಡಿಗೆ, ಉಪ್ಪಿನಕಾಯಿ ಯಾವ್ದೂ ಇಲ್ಲ ಕಣ್ರವ್ವ. ಕಾರಿನ ಡಿಕ್ಕಿ ವಿಷ್ಯ. ವಯಸ್ಸಿಗೆ ಬಂದ ಗಂಡು ಮಕ್ಕಳಿರೋ ಮನೇಲಿ ಇವತ್ತಲ್ಲ ನಾಳೆ ಈ ಮಾತು ಬಂದೇ ಬರುತ್ತೆ, ಅದಕ್ಕೇ ಬರೀತಿದೀನಿ.

ನಮ್ದು ಆಲ್ಟೊ 800. ಅದರ ಡಿಕ್ಕಿ 177 ಲೀಟರು. ಲೀಟರು ಅಂದ್ರೆ ನಮಗೆ ಹಾಲು, ಎಣ್ಣೆ, ನೀರು ತಾನೆ? ಮನೆಗೆ ಬರೋ 20 ಲೀಟರಿನ ನೀರಿನ ಕ್ಯಾನ್ ಲೆಕ್ಕದಲ್ಲಿ ಒಂಬತ್ತು ಕ್ಯಾನಿಗೂ ವಸಿ ಕಮ್ಮಿ. ಅಷ್ಟರಲ್ಲೇ ನಂಜನಗೂಡಿಂದ ನರಸೀಪುರಕ್ಕೆ ಹೋಗೋವಾಗ ರಾಗಿ ಹಿಟ್ಟು, ತೆಂಗಿನಕಾಯಿ, ಸಿಕ್ಕಿದ್ರೆ ಒಂದು ಚಿಪ್ಪು ರಸಬಾಳೆ. ಬರೋವಾಗ ತೌರುಮನೆ ಗದ್ದೆಯ 25 ಕೆಜಿ ಅಕ್ಕಿ ಮೂಟೆ. ಅದೆಲ್ಲಾ ಹೋಗ್ಲಿ, ನಮ್ಮವ್ವಂಗೆ ಮಂಡಿ ಆಪರೇಷನ್ ಆದ ಮೇಲೆ ವಾಕರ್ ಇಲ್ದೆ ಹೆಜ್ಜೆ ಎತ್ತೋಕಾಗಲ್ಲ. ತಿಂಗಳಿಗೊಂದ್ಸಲ ಸುತ್ತೂರು ಮೇಲಿಂದ ಹೋಗಿ ಅವ್ವನ್ನ ಕೂರಿಸ್ಕಂಡು ಮೈಸೂರಿಗೆ ತೋರಿಸ್ಕಂಡು ಬರ್ತೀವಿ. ಮಡಚಿದ್ರೂ ಆ ವಾಕರ್ರು ಡಿಕ್ಕಿಲಿ ಸೀಟಿನ ಹಿಂದೆ ನೆಟ್ಟಗೆ ಉದ್ದಕ್ಕೆ ನಿಲ್ಲಬೇಕು.

ಮಗ ಫ್ಯಾಕ್ಟರಿಲಿ ಓಟಿ ಮಾಡಿ ಕೂಡಿಟ್ಟ ದುಡ್ಡಲ್ಲಿ 10 ಇಂಚಿನ ಸಬ್‌ವೂಫರ್ ತಂದ. ಆಂಪು, ವೈರು, ಪೆಟ್ಟಿಗೆ ಎಲ್ಲಾ ಸೇರಿ 14 ಸಾವಿರ. ನಮ್ಮೆಜಮಾನ್ರು ಎರಡು ದಿನ ಮಾತಾಡ್ಲಿಲ್ಲ. ನಾನು ಬೈಲಿಲ್ಲ. ಬೀಡಿ ಇಲ್ಲ, ಇಸ್ಪೀಟಿಲ್ಲ, ಹಾಡು ಕೇಳ್ಕಂಡು ಹೋಗೋ ಹುಡುಗ. ಆದ್ರೆ ಅವನು, "ವಾಕರ್ ಮುಂದೆ ಇಟ್ಕಂಡ್ರಾಯ್ತು ಬುಡಮ್ಮ, ಇಲ್ಲಾ ಅಜ್ಜಿ ತೊಡೆ ಮೇಲೆ" ಅಂದಾಗ ಮಾತ್ರ ಬಿಡ್ಲಿಲ್ಲ. ನಮ್ಮವ್ವ ಊರಲ್ಲಿ ಯಾರಾದ್ರೂ ಎದುರು ಬಂದ್ರೆ ವಾಕರ್ ಬಿಟ್ಟು ಗೋಡೆ ಹಿಡ್ಕಂಡು ನಿಲ್ಲೋ ಜೀವ. ಅದನ್ನ ತೊಡೆ ಮೇಲಿಟ್ಕಂಡು ನರಸೀಪುರದ ಬಸ್‌ಸ್ಟ್ಯಾಂಡ್ ದಾಟಬೇಕು ಅಂದ್ರೆ, "ನಾ ಬರಕಿಲ್ಲ, ಮನೇಲೇ ಇರ್ತೀನಿ" ಅಂತಾಳೆ. ಆಮೇಲೆ ಡಾಕ್ಟರೂ ಇಲ್ಲ, ಮಂಡಿನೂ ಇಲ್ಲ.

ಈ ವೂಫರ್‌ಗೆ ಪೆಟ್ಟಿಗೆ ಯಾಕೆ ಬೇಕು ಅಂತ ನಂಗೂ ಗೊತ್ತಿರ್ಲಿಲ್ಲ. ಬರೀದು ನೆಲದ ಮೇಲಿಟ್ಟು ಹಾಕಿ ತೋರಿಸ್ದ. ತಟ್ಟೆ ಕುಣಿಯುತ್ತೆ, ದಮ್ಮೇ ಇಲ್ಲ. ತಟ್ಟೆ ಮುಂದಕ್ಕೆ ಗಾಳಿ ತಳ್ಳೋವಾಗ ಅದರ ಬೆನ್ನು ಹಿಂದಿನ ಗಾಳಿ ಎಳ್ಕಳುತ್ತೆ. ಎರಡೂ ಸೇರಿ ದಪ್ಪ ಸದ್ದು ಅಲ್ಲಲ್ಲೇ ಅಳಿಸಿ ಹೋಗುತ್ತೆ, ಒಬ್ಬಳು ರಂಗೋಲಿ ಹಾಕ್ತಿದ್ರೆ ಇನ್ನೊಬ್ಬಳು ಹಿಂದೆನೇ ಗುಡಿಸ್ಕಂಡು ಬಂದಂಗೆ. ಪೆಟ್ಟಿಗೆ ಬೆನ್ನಿನ ಗಾಳೀನ ಕೂಡಿ ಹಾಕುತ್ತೆ, ಅಷ್ಟೇ.

ಅಂಗಡೀಲಿ ರೆಡಿ ಪೆಟ್ಟಿಗೆ ಸಿಗುತ್ತೆ. ಸೀಟಿನ ಓರೆಗೆ ಒರಗೋ ಹಂಗೆ ಅಡ್ಡಡ್ಡ ಇರುತ್ತೆ. ನೋಡೋಕೆ ಚೆಂದ, ಆದ್ರೆ ವಾಕರ್ ನಿಲ್ಲೋ ಜಾಗಾನೇ ಅದು. ಜೊತೆಗೆ ಸ್ಟೆಪ್ನಿ ಇರೋದು ಡಿಕ್ಕಿ ಮ್ಯಾಟಿನ ಕೆಳಗೆ. ನಮ್ಮ ಬೀದಿ ಹುಡುಗ ಒಬ್ಬ ಅದರ ಮೇಲೇ ಪೆಟ್ಟಿಗೆ ಬಿಗಿದಿದ್ದ. ಸುತ್ತೂರು ಹತ್ರ ರಾತ್ರಿ ಮಳೇಲಿ ಪಂಕ್ಚರ್ ಆಗಿ, ಮೊಬೈಲ್ ಬೆಳಕಲ್ಲಿ ಸ್ಕ್ರೂ ಬಿಚ್ಚಿದ್ನಂತೆ. ಅವನವ್ವ ಈಗ್ಲೂ ಹೇಳ್ಕಂಡು ಬೈತಾರೆ.

ವೂಫರ್ ಜೊತೆ ಬಂದ ಕಾಗದದಲ್ಲಿ ಎರಡು ಲೆಕ್ಕ ಇತ್ತು. ತೂತಿರೋ ಪೆಟ್ಟಿಗೆಗೆ ಒಳಗೆ 35 ಲೀಟರ್ ಗಾಳಿ, ಪೂರ್ತಿ ಮುಚ್ಚಿದ್ದಕ್ಕೆ 20. ತೂತಿಂದರಲ್ಲಿ ಸದ್ದು ಜಾಸ್ತಿ, ಮುಚ್ಚಿದ್ರಲ್ಲಿ ಬಿಗಿ. ನಾನಂದೆ, ಒಂದು ನೀರಿನ ಕ್ಯಾನು ಕೊಡ್ತೀನಿ, ಎರಡು ಕೊಡಲ್ಲ. ಅಲ್ಲಿಗೆ ತೀರ್ಮಾನ.

ಆದ್ರೆ ಒಳಗೆ 20 ಅಂದ್ರೆ ಹೊರಗೆ 20 ಅಲ್ಲ, ಇದು ಎಲ್ಲರೂ ಎಡವೋ ಜಾಗ. ಮರ 18 ಎಂಎಂ ದಪ್ಪ ಇರಬೇಕು, ತೆಳ್ಳಗಿದ್ರೆ ಪೆಟ್ಟಿಗೆನೇ ನಡುಗುತ್ತೆ. ಹೊರಗೆ 36, 34, 27 ಸೆಂಟಿಮೀಟರ್ ಇದ್ರೆ 33 ಲೀಟರ್ ಜಾಗ ತಿನ್ನುತ್ತೆ. ಒಳಗೆ ಸಿಗೋದು 23. ಅದ್ರಲ್ಲೂ ವೂಫರಿನ ಬೆನ್ನು ಒಂದೆರಡು ಲೀಟರ್ ತಗಳುತ್ತೆ.

ಜಾಗ ಎಡಗಡೆ ಮೂಲೆಲಿ ಅಂತ ಆಯ್ತು. ಅಲ್ಲಿ ಚಕ್ರದ ಉಬ್ಬು ಅಡ್ಡ. ಆಚಾರ್ರು ಟೇಪ್ ಹಿಡಿದು ಮೂರು ಸಲ ಅಳೆದು, "ಡೊಂಕು ಅಳತೆಗೆ ಸಿಗಲ್ಲ ಕಣವ್ವ, ಚೌಕ ಮಾಡ್ಕೊಡ್ತೀನಿ" ಅಂದ್ರು. ಚೌಕ ಮಾಡಿದ್ರೆ ಪೆಟ್ಟಿಗೆ ಸ್ಟೆಪ್ನಿ ಮೇಲಕ್ಕೆ ಬರುತ್ತೆ. ನಾನು ಬ್ಲೌಸಿನ ಕಂಕುಳು ಕತ್ತರಿಸೋಳು, ಡೊಂಕಿಗೆ ಹೆದರ್ತೀನಾ? ಹಳೇ ಪೇಪರ್ ಆ ಉಬ್ಬಿಗೆ ಒತ್ತಿ, ಉಗುರಲ್ಲಿ ಗೀಚಿ, ಕತ್ತರಿಸಿ, ಮತ್ತೆ ಒತ್ತಿ ನೋಡಿ, ನಾಲ್ಕನೇ ಪೇಪರಿಗೆ ಸರಿಯಾಗಿ ಕೂತ್ಕತು. ಅದನ್ನ ರಟ್ಟಿಗೆ ಇಳಿಸಿ, ರಟ್ಟಿನ ಪೆಟ್ಟಿಗೆ ಮಾಡಿ ಡಿಕ್ಕಿಲಿಟ್ಟು, ವಾಕರ್ ಇಟ್ಟು, ಅಕ್ಕಿ ಮೂಟೆ ಇಟ್ಟು, ಬಾಗಿಲು ಹಾಕಿ ನೋಡಿದ್ವಿ. ಮ್ಯಾಟ್ ಎತ್ತಿ ಸ್ಟೆಪ್ನಿನೂ ತೆಗೆದು ನೋಡಿದ್ವಿ. ಆಮೇಲೇ ಮರಕ್ಕೆ ಗರಗಸ. ಉಬ್ಬಿನ ಹತ್ರ ಹೋದ ಗಾಳೀನ ಎತ್ತರದಲ್ಲಿ ತಗಂಡ್ವಿ. ಆಚಾರ್ರು ಆ ಪೇಪರು ಇಸ್ಕಂಡು ಹೋದ್ರು, ಇನ್ಯಾರದೋ ಆಲ್ಟೊಗೆ ಆಗುತ್ತೆ ಅಂತ.

ಎಂಡಿಎಫ್ ನೀರು ಕಂಡ್ರೆ ಹಪ್ಪಳದಂಗೆ ಊದುತ್ತೆ. ಅದಕ್ಕೆ ಸುತ್ತ ಕಾರ್ಪೆಟ್ ಬಟ್ಟೆ ಅಂಟಿಸಿ, ಒದ್ದೆ ಛತ್ರಿ ಡಿಕ್ಕಿಗೆ ಹಾಕೋದು ಬಂದ್ ಮಾಡಿದೀನಿ. ಮೂಲೆ ಸಂದಿಗೆಲ್ಲಾ ಒಳಗಿಂದ ಸಿಲಿಕಾನ್ ಮೆತ್ತಿದ್ದು, ಎಲ್ಲೂ ಗಾಳಿ ಸೋರಬಾರ್ದು.

ಜಗಳ ಆಗಿದ್ದು ಕಟ್ಟೋ ವಿಷ್ಯಕ್ಕೆ. ಮಗ, ಅಂಟೋ ಪಟ್ಟಿ ಸಾಕು ಅಂದ. ಎತ್ತಿ ನೋಡ್ದೆ, ಅರ್ಧ ಮೂಟೆ ಅಕ್ಕಿಗಿಂತ ಭಾರ. ಸಡನ್ನಾಗಿ ಬ್ರೇಕ್ ಹಾಕಿದ್ರೆ ಅದು ಎಲ್ಲಿಗೆ ಬರುತ್ತೆ? ಹಿಂದಿನ ಸೀಟಿಗೆ. ಅಲ್ಲಿ ಕೂತಿರೋರು ಯಾರು? ಮಗ ಸುಮ್ಮನಾದ. ಎಲ್ ಪಟ್ಟಿ, ಬೋಲ್ಟು ಹಾಕಿ ನೆಲಕ್ಕೇ ಬಿಗಿದ್ವಿ. ತೂತು ಹೊಡೆಯೋ ಮುಂಚೆ ಕಾರಿನ ಅಡಿಗೆ ಬಗ್ಗಿ ಟ್ಯಾಂಕು, ಪೈಪು ಎಲ್ಲೆಲ್ಲಿದೆ ನೋಡಲೇಬೇಕು.

ವೈರಿನ ಕೆಲಸ ಅವನದೇ. ಬ್ಯಾಟರಿಯಿಂದ ಬರೋ ದಪ್ಪ ಕೆಂಪು ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇದೆಯಾ ಅಂತ ಮಾತ್ರ ನೀವು ಕೇಳಿ. ದಾರೀಲೆಲ್ಲೋ ವೈರು ಉಜ್ಜಿ ಕಬ್ಬಿಣಕ್ಕೆ ತಾಗಿದ್ರೆ ಬೆಂಕಿ ಹತ್ತದಂಗೆ ತಡೆಯೋದು ಅದೇ. ಹಾಡಿನ ವೈರು ಇನ್ನೊಂದು ಪಕ್ಕದಲ್ಲಿ ಬರಬೇಕಂತೆ, ಇಲ್ಲಾಂದ್ರೆ ಇಂಜಿನ್ ಕುಂಯ್‌ಗುಟ್ಟೋದು ಹಾಡಲ್ಲೂ ಕೇಳುತ್ತಂತೆ.

ಮೊದಲ ಸಲ ಅವ್ವನ್ನ ಕರ್ಕಂಡು ಬರೋಕೆ ಹೋದಾಗ ಮಗ ವಾಕರ್ ತಗಂಡು ಡಿಕ್ಕಿಲಿ ನಿಲ್ಲಿಸಿ ಬಾಗಿಲು ಹಾಕ್ದ, ಯಾರೂ ನೋಡ್ಲಿಲ್ಲ. ಅವ್ವ ಸೀಟಿಗೆ ಒರಗಿದ್ಲು. ಹಾಡು ಶುರುವಾಯ್ತು. ಅವ್ವಂಗೆ ಕಿವಿ ಮಂದ. ಎರಡು ನಿಮಿಷ ಬಿಟ್ಟು, "ಯಾಕ್ಲಾ ಮಗ, ಬೆನ್ನಿಗೆ ಯಾರೋ ಗುದ್ದಿದಂಗಾಯ್ತದೆ" ಅಂದ್ಲು. ಮಗ ಗಾಬರಿಯಾಗಿ ಸ್ಟೇರಿಂಗ್ ಕೆಳಗಿರೋ ಗುಂಡಿ ತಿರುಗಿಸಿ ಕಮ್ಮಿ ಮಾಡ್ದ. "ಇರ್ಲಿ ಬುಡು, ಬೆನ್ನು ನೋವಿತ್ತು" ಅಂದ್ಲು. ಆದ್ರೂ ಅಜ್ಜಿ ಇರೋವಾಗ ಆ ಗುಂಡಿ ಅರ್ಧಕ್ಕೇ ಅಂತ ನಾನು ಹೇಳಿದೀನಿ. ದೇವಸ್ಥಾನದ ಬೀದೀಲಿ ಪೂರ್ತಿ ಬಂದ್.

ಒಂದೇ ಕಾಟ ಇದ್ದಿದ್ದು ನಂಬರ್ ಪ್ಲೇಟು. ದಮ್ ಅಂದಾಗೆಲ್ಲಾ ಗರಗರ ಅಂತಿತ್ತು. ಕುಕ್ಕರಿನ ಸವೆದ ಗ್ಯಾಸ್ಕೆಟ್ ಎರಡು ತುಂಡು ಕತ್ತರಿಸಿ ಹಿಂದಿನ ಸಂದಿಗೆ ತುರುಕ್ದೆ, ನಿಂತೋಯ್ತು. ಇನ್ನೂ ಮುಕ್ಕಾಲು ಗ್ಯಾಸ್ಕೆಟ್ ಉಳಿದಿದೆ, ನಮ್ಮ ಬೀದೀಲಿ ಯಾರಿಗಾದ್ರೂ ಬೇಕಿದ್ರೆ ಬಂದು ಇಸ್ಕಂಡು ಹೋಗಿ.